ಈಮ್ ಹಳ್ಳಿಗೆ ಹೋದರೆ ಯಾವುದನ್ನು ನೋಡೋದು, ಯಾವುದನ್ನು ಬಿಡೋದು?

ಶೆಫೀಲ್ಡ್, ಮ್ಯಾಂಚೆಸ್ಟರ್, ಡರ್ಬಿ ಕಡೆ ಇರುವ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿಂದ ನೆಂಟರು ಬರುತ್ತಾರೆ. ಲಂಡನ್ ಆಯ್ತು, ಲೇಕ್ ಡಿಸ್ಟ್ರಿಕ್ಟ್ ಆಯ್ತು, ಉಳಿದ ಒಂದು ದಿನಕ್ಕೆ ಎಲ್ಲಿಗೆ ಅನ್ನುವ ಪ್ರಶ್ನೆ ಬಂದಾಗ ಯಾರಾದರೂ 'ಈಮ್' ಹೆಸರು ಹೇಳಿಯೇ ಹೇಳುತ್ತಾರೆ. ಡರ್ಬಿಷೈರ್‌ನ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವಿನ ಸಣ್ಣ ಪ್ಯಾರಿಷ್ ಅದು. ಒಂದು ಉದ್ದನೆಯ ಬೀದಿ, ಒಂದು ಹಳೇ ಚರ್ಚು, ಒಂದು ಪಬ್ಬು. ಸುತ್ತಮುತ್ತ ಮೂರ್ನಾಲ್ಕು ಹಳ್ಳಿಗಳು, ಅವುಗಳಿಗೂ ಅವುಗಳದೇ ಚರ್ಚು, ಪಬ್ಬು. ನೋಡಲು ಹೊರಟರೆ ಎರಡು ದಿನವೂ ಸಾಲದು. ಅರ್ಧ ದಿನ ಮಾತ್ರ ಇದ್ದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ಈ ಬರಹ.

ಮೊದಲು ಕತೆ ಗೊತ್ತಿರಬೇಕು. ಇಲ್ಲದಿದ್ದರೆ ಇಲ್ಲಿ ಕಾಣುವುದು ಬರೀ ಕಲ್ಲು, ಹುಲ್ಲು.

1665ರಲ್ಲಿ ಲಂಡನ್‌ನಲ್ಲಿ ಪ್ಲೇಗು. ಆ ಸೆಪ್ಟೆಂಬರ್‌ನಲ್ಲಿ ಈಮ್‌ನ ದರ್ಜಿಯೊಬ್ಬನಿಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ಬಟ್ಟೆ ಒದ್ದೆಯಾಗಿತ್ತು. ಒಣಗಿಸಲು ಗಂಟು ಬಿಚ್ಚಿದವನು ಅವನ ಸಹಾಯಕ ಜಾರ್ಜ್ ವಿಕರ್ಸ್. ಬಟ್ಟೆಯಲ್ಲಿ ಚಿಗಟಗಳಿದ್ದವು ಅನ್ನುತ್ತಾರೆ. ಕೆಲವೇ ದಿನಗಳಲ್ಲಿ ವಿಕರ್ಸ್ ಸತ್ತ. ಸೆಪ್ಟೆಂಬರ್ 7ಕ್ಕೆ ಅವನನ್ನು ಹೂಳಿದರು. ಚಳಿಗಾಲದಲ್ಲಿ ಸಾವು ಸ್ವಲ್ಪ ತಗ್ಗಿತು, ಮುಂದಿನ ಬೇಸಿಗೆಯಲ್ಲಿ ಮತ್ತೆ ಏರಿತು. ಆಗ, 1666ರ ಜೂನ್‌ನಲ್ಲಿ, ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವನಿಗಿಂತ ಮೊದಲು ಪಾದ್ರಿಯಾಗಿದ್ದು ಕೆಲಸ ಕಳೆದುಕೊಂಡಿದ್ದ ಥಾಮಸ್ ಸ್ಟ್ಯಾನ್ಲಿ ಒಂದಾದರು. ಇಬ್ಬರ ಪಂಗಡವೇ ಬೇರೆ, ಒಬ್ಬರನ್ನೊಬ್ಬರು ಮೆಚ್ಚಲು ಕಾರಣವೂ ಇರಲಿಲ್ಲ. ಆದರೂ ಇಬ್ಬರೂ ಸೇರಿ ಜನರನ್ನು ಒಪ್ಪಿಸಿದರು. ಯಾರೂ ಊರ ಗಡಿ ದಾಟಬಾರದು. ಪ್ರಾರ್ಥನೆ ಚರ್ಚಿನೊಳಗೆ ಬೇಡ, ಬಯಲಲ್ಲಿ ಆಗಲಿ. ಸತ್ತವರನ್ನು ಅವರವರ ಮನೆಯವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ಹೂಳಬೇಕು. ಹತ್ತಿರದ ಚಾಟ್ಸ್‌ವರ್ತ್ ಅರಮನೆಯಲ್ಲಿದ್ದ ಸಿರಿವಂತ ಪ್ರಭು, ಡೆವನ್‌ಷೈರ್ ಅರ್ಲ್, ದಿನಸಿ ಕಳಿಸಿಕೊಟ್ಟ. 1666ರ ನವೆಂಬರ್ 1ಕ್ಕೆ ಕೊನೆಯ ಸಾವು. ಒಟ್ಟು ಸತ್ತವರು ಸುಮಾರು 260 ಜನ.

ನಮ್ಮ ಕಡೆ ಪ್ಲೇಗು ಬಂದಾಗ ಜನ ಮಾಡಿದ್ದು ಉಲ್ಟಾ. ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಿಂದ ಹೊರಗೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಜ್ಜಿಯ ಬಾಯಲ್ಲಿ ಪ್ಲೇಗಮ್ಮನ ಕತೆ ಕೇಳಿ ಬೆಳೆದವರಿಗೆ ಈಮ್‌ನವರ ನಿರ್ಧಾರ ವಿಚಿತ್ರ ಅನ್ನಿಸಿದರೆ ಆಶ್ಚರ್ಯ ಇಲ್ಲ. ರೋಗ ಅದೇ, ದಾರಿ ಬೇರೆ.

ಮ್ಯೂಸಿಯಂ ಮೊದಲೋ, ಚರ್ಚು ಮೊದಲೋ?

ಈ ಎರಡರಲ್ಲಿ ಒಂದನ್ನೇ ನೋಡಲು ಟೈಮ್ ಇದ್ದರೆ ಏನು ಮಾಡೋದು? ಜೊತೆಗೆ ಯಾರಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಮ್ಯೂಸಿಯಂ ಹಾಕ್‌ಹಿಲ್ ರಸ್ತೆಯಲ್ಲಿದೆ, ದೊಡ್ಡ ಕಾರ್ ಪಾರ್ಕಿನ ಎದುರಿಗೆ. ಹಳೇ ಮೆಥಡಿಸ್ಟ್ ಪ್ರಾರ್ಥನಾ ಮಂದಿರದಲ್ಲಿ ನಡೆಯುತ್ತಿದೆ. ಸೂರಿನ ಮೇಲೆ ಗಾಳಿಯ ದಿಕ್ಕು ತೋರಿಸುವ ಲೋಹದ ಇಲಿ ಇದೆ, ಅದನ್ನು ನೋಡಿಯೇ ಮಕ್ಕಳಿಗೆ ಖುಷಿ. ಒಳಗೆ ಪ್ಲೇಗು ಹೇಗೆ ಹರಡುತ್ತದೆ, ಯಾವ ಮನೆಯಲ್ಲಿ ಯಾರು ಹೋದರು, ಜನ ಏನೇನು ಮದ್ದು ಮಾಡಿಕೊಂಡರು ಅನ್ನುವುದನ್ನೆಲ್ಲ ಬಿಡಿಸಿ ಹೇಳಿದ್ದಾರೆ. ಸಣ್ಣ ಜಾಗ, ಟಿಕೆಟ್ ಇದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹತ್ತು ವರ್ಷ ದಾಟಿದ ಮಕ್ಕಳಿದ್ದರೆ, ಅಥವಾ ಕತೆ ಗೊತ್ತೇ ಇಲ್ಲದ ನೆಂಟರಿದ್ದರೆ ಇಲ್ಲಿಂದಲೇ ಶುರು ಮಾಡಿ.

ಸೇಂಟ್ ಲಾರೆನ್ಸ್ ಚರ್ಚು ಬೇರೆಯೇ ಅನುಭವ. ಪುಕ್ಕಟೆ ಪ್ರವೇಶ, ಹುಂಡಿಯಲ್ಲಿ ಏನಾದರೂ ಹಾಕಿ ಬನ್ನಿ. ಒಳಗೆ ಪ್ಲೇಗಿನಲ್ಲಿ ಸತ್ತವರ ಹೆಸರಿನ ಪುಸ್ತಕ ಇಟ್ಟಿದ್ದಾರೆ. ಮಾಂಪೆಸನ್‌ನದು ಎನ್ನುವ ಕೆತ್ತನೆಯ ಕುರ್ಚಿ ಇದೆ. 1985ರಲ್ಲಿ ಹಾಕಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಇಡೀ ಕತೆಯನ್ನು ಚಿತ್ರವಾಗಿ ಬಿಡಿಸಿದ್ದಾರೆ. ಆದರೆ ನನ್ನನ್ನು ಕೇಳಿದರೆ ಈ ಚರ್ಚಿನ ಗಮ್ಮತ್ತು ಹೊರಗಿನ ಅಂಗಳದಲ್ಲಿದೆ. ಅಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಕಲ್ಲಿನ ಶಿಲುಬೆ ನಿಂತಿದೆ. ಸಾವಿರ ವರ್ಷಕ್ಕೂ ಹಳೆಯದು, ಕಂಬದ ಒಂದು ತುಂಡು ಕಳೆದುಹೋಗಿ ಗಿಡ್ಡ ಆಗಿದೆ. ಅದರ ಹತ್ತಿರವೇ ಕ್ಯಾಥರೀನ್ ಮಾಂಪೆಸನ್ ಸಮಾಧಿ. ಪಾದ್ರಿಯ ಹೆಂಡತಿ. ಗಂಡನನ್ನು ಬಿಟ್ಟು ಹೋಗಲು ಒಪ್ಪದೆ ಊರಲ್ಲೇ ಉಳಿದು 1666ರ ಆಗಸ್ಟ್ 25ಕ್ಕೆ ಸತ್ತಳು. ಚರ್ಚಿನ ಗೋಡೆಯ ಮೇಲೆ 1775ರ ನೆರಳು ಗಡಿಯಾರ ಇದೆ. ಅದರ ಮೇಲೆ ದೂರದ ಊರುಗಳ ಹೆಸರನ್ನೂ ಕೆತ್ತಿದ್ದಾರೆ. ಬಿಸಿಲಿದ್ದರೆ ಮಾತ್ರ ಕೆಲಸ ಮಾಡುವ ಗಡಿಯಾರವನ್ನು ಡರ್ಬಿಷೈರ್‌ನಲ್ಲಿ ಇಟ್ಟವರ ಆಶಾವಾದಕ್ಕೆ ನಮಸ್ಕಾರ.

ಕ್ರಿಕೆಟ್ ಹುಚ್ಚಿನವರು ಇದೇ ಅಂಗಳದಲ್ಲಿ ಹ್ಯಾರಿ ಬ್ಯಾಗ್‌ಶಾ ಸಮಾಧಿ ಹುಡುಕಬೇಕು. ಡರ್ಬಿಷೈರ್ ಕೌಂಟಿಗೆ ಆಡಿ ಆಮೇಲೆ ಅಂಪೈರ್ ಆದವನು, 1927ರಲ್ಲಿ ತೀರಿಕೊಂಡ. ಕಲ್ಲಿನ ಮೇಲೆ ವಿಕೆಟ್ ಬಿದ್ದಿದೆ, ಮೇಲೆ ಅಂಪೈರ್ ಬೆರಳು ಎತ್ತಿದ್ದಾನೆ. ಔಟ್! ಅವನನ್ನು ಅಂಪೈರ್ ಕೋಟು ತೊಡಿಸಿ, ಕೈಯಲ್ಲಿ ಚೆಂಡು ಕೊಟ್ಟು ಹೂಳಿದರಂತೆ. ಪ್ಲೇಗಿನ ಕತೆ ಕೇಳಿ ಮಂಕಾದ ಮಕ್ಕಳು ಇಲ್ಲಿ ನಗುತ್ತಾರೆ.

ಒಂದು ವ್ಯತ್ಯಾಸ ಗಮನಿಸಿ. ಚರ್ಚಿನಲ್ಲಿ ಈ ಕತೆ ತ್ಯಾಗದ ಕತೆ. ಮ್ಯೂಸಿಯಂ ನೋಡಿ ಬಂದರೆ ಪ್ರಶ್ನೆಗಳು ಏಳುತ್ತವೆ. ಅನುಕೂಲ ಇದ್ದ ಕೆಲವರು ಮೊದಲೇ ಊರು ಬಿಟ್ಟಿದ್ದರು. ಮಾಂಪೆಸನ್ ಕೂಡ ತನ್ನ ಇಬ್ಬರು ಮಕ್ಕಳನ್ನು ಮುಂಚೆಯೇ ಹೊರಗೆ ಕಳಿಸಿದ್ದ. ಗಡಿ ಮುಚ್ಚಿದ್ದರಿಂದ ಒಳಗಿನವರ ಸಾವು ಜಾಸ್ತಿ ಆಯಿತೇ, ಅದು ನಿಜಕ್ಕೂ ಬೇಕಿತ್ತೇ ಅಂತ ಇತಿಹಾಸಕಾರರು ಈಗಲೂ ವಾದ ಮಾಡುತ್ತಾರೆ. ಅದಕ್ಕೇ ಎರಡನ್ನೂ ನೋಡುವವರು ಮ್ಯೂಸಿಯಂ ಮುಗಿಸಿ ಆಮೇಲೆ ಚರ್ಚಿಗೆ ಹೋಗುವುದು ಒಳ್ಳೆಯದು. ಹೆಸರುಗಳ ಪುಸ್ತಕದ ಮುಂದೆ ಆಗ ನಿಲ್ಲುವ ರೀತಿಯೇ ಬೇರೆ ಇರುತ್ತದೆ.

ಚರ್ಚಿನ ಪಕ್ಕದ ಸಾಲು ಮನೆಗಳೇ 'ಪ್ಲೇಗ್ ಕಾಟೇಜ್'ಗಳು. ಬಟ್ಟೆಯ ಗಂಟು ಬಂದದ್ದು ಇಲ್ಲಿಗೇ. ಮನೆ ಮುಂದಿನ ಹಸಿರು ಫಲಕದಲ್ಲಿ ಅಲ್ಲಿ ಸತ್ತವರ ಹೆಸರುಗಳಿವೆ. ಓದಿಕೊಂಡು ಮುಂದೆ ನಡೆಯಿರಿ ಸಾಕು. ಈಗಲೂ ಅಲ್ಲಿ ಜನ ಸಂಸಾರ ಮಾಡುತ್ತಿದ್ದಾರೆ. ಕಿಟಕಿಗೆ ಮುಖ ಹಚ್ಚಿ ಸೆಲ್ಫಿ ತೆಗೆಯುವುದು ಬೇಡ. ಮುಂದೆ ಸಿಗುವ ಈಮ್ ಹಾಲ್ ಪ್ಲೇಗು ಮುಗಿದ ಮೇಲೆ ಕಟ್ಟಿದ ಶ್ರೀಮಂತರ ಮನೆ. ಹೊರಗಿನಿಂದ ನೋಡಿದರೆ ಸಾಕು. ಎದುರಿನ ಹುಲ್ಲಿನ ಮೇಲೆ ತಪ್ಪಿತಸ್ಥರ ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಹಳೇ ಕೋಳ ಇದೆ.

ಗಡಿಯ ಕಲ್ಲೋ, ಮಾಂಪೆಸನ್ ಬಾವಿಯೋ?

ಎರಡರದ್ದೂ ಒಂದೇ ಕೆಲಸ. ಹೊರಗಿನವರು ದಿನಸಿ, ಔಷಧಿ ತಂದಿಟ್ಟು ದೂರ ಸರಿಯುತ್ತಿದ್ದರು. ಊರಿನವರು ಬಂದು ದುಡ್ಡು ಇಟ್ಟು ಸಾಮಾನು ಎತ್ತಿಕೊಳ್ಳುತ್ತಿದ್ದರು. ಬಾವಿಯಲ್ಲಿ ಹರಿಯುವ ನೀರು ನಾಣ್ಯವನ್ನು ತೊಳೆಯುತ್ತಿತ್ತು. ಗಡಿಯ ಕಲ್ಲಿನಲ್ಲಿ ಕೊರೆದ ಗುಳಿಗಳಿಗೆ ವಿನೆಗರ್ ತುಂಬಿ ಅದರಲ್ಲಿ ನಾಣ್ಯ ಹಾಕುತ್ತಿದ್ದರು. ಎರಡನ್ನೂ ನೋಡುವ ಅಗತ್ಯ ಇಲ್ಲ.

ಬಾವಿ ಊರಿನ ಮೇಲ್ಗಡೆ, ಗುಡ್ಡದ ರಸ್ತೆಯ ಬದಿಯಲ್ಲಿದೆ. ಸುಮಾರು ಒಂದೂವರೆ ಕಿಲೋಮೀಟರ್ ಏರು. ಕಾರಿನಲ್ಲಿ ಹತ್ತಿರದವರೆಗೂ ಹೋಗಬಹುದು. ಹೆಸರು ಬಾವಿ ಅಂತಿದ್ದರೂ ಅದು ಕಲ್ಲಿನ ತೊಟ್ಟಿಗೆ ಬೀಳುವ ಸಣ್ಣ ಒರತೆ, ಸುತ್ತ ಕಬ್ಬಿಣದ ಬೇಲಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಇದೇ ಸರಿ.

ಉಳಿದವರೆಲ್ಲ ಗಡಿಯ ಕಲ್ಲಿಗೆ ನಡೆದು ಹೋಗಿ. ಈಮ್‌ನಲ್ಲಿ ಒಂದೇ ಒಂದು ಕಡೆ ಹೋಗಿ ಬರುವಷ್ಟು ಟೈಮ್ ಇದ್ದರೂ ನಾನು ಕಳಿಸುವುದು ಅಲ್ಲಿಗೇ. ಊರ ಚೌಕದಿಂದ ಲಿಡ್‌ಗೇಟ್ ಬೀದಿಯಲ್ಲಿ ಇಳಿದು, ಹೊಲಗಳ ನಡುವಿನ ಕಾಲುದಾರಿ ಹಿಡಿದರೆ ಇಪ್ಪತ್ತು ನಿಮಿಷ. ಲಿಡ್‌ಗೇಟ್‌ನಲ್ಲೇ ಅಪ್ಪ-ಮಗಳ ಎರಡು ಪ್ಲೇಗು ಸಮಾಧಿಗಳು ಸಿಗುತ್ತವೆ. ದಾರಿಯಲ್ಲಿ ಕಲ್ಲುಗೋಡೆಗಳನ್ನು ಹತ್ತಿ ದಾಟಬೇಕು, ಮಲೆನಾಡಿನಲ್ಲಿ ದಣಪೆ ದಾಟಿದವರಿಗೆ ಕಷ್ಟ ಆಗಲ್ಲ. ಕುರಿಗಳಿರುತ್ತವೆ, ಮಳೆ ಬಂದಿದ್ದರೆ ಕೆಸರು. ಕಲ್ಲು ಸಿಕ್ಕಾಗ ಮೊದಲು 'ಇಷ್ಟೇನಾ' ಅನ್ನಿಸುತ್ತದೆ. ಸೊಂಟದ ಎತ್ತರವೂ ಇಲ್ಲದ ಒಂದು ಬಂಡೆ, ಮೇಲೆ ಕೆಲವು ಗುಳಿಗಳು. ಗುಳಿಗಳಲ್ಲಿ ಈಗಲೂ ಬಂದವರು ಪೆನ್ನಿ ನಾಣ್ಯ ಇಟ್ಟು ಹೋಗುತ್ತಾರೆ. ಆಮೇಲೆ ಕೆಳಗೆ ನೋಡಿದರೆ ಸ್ಟೋನಿ ಮಿಡಲ್‌ಟನ್ ಊರು ಅಷ್ಟು ಹತ್ತಿರ. ಹತ್ತು-ಹದಿನೈದು ನಿಮಿಷ ಇಳಿದರೆ ತಲುಪಬಹುದು. ಗೋಡೆ ಇರಲಿಲ್ಲ, ಬೇಲಿ ಇರಲಿಲ್ಲ, ದಾಟಿ ಹೋಗುವುದು ಸಲೀಸಾಗಿತ್ತು. ಅವರ ನಿರ್ಧಾರ ಎಷ್ಟು ಕಠಿಣ ಅಂತ ಕಿಟಕಿಯ ಗಾಜಿನಲ್ಲಿ ಗೊತ್ತಾಗುವುದಿಲ್ಲ, ಇಲ್ಲಿ ಗೊತ್ತಾಗುತ್ತದೆ.

ರೈಲಿ ಸಮಾಧಿಗಳ ಮಾತು

ಇದನ್ನು ಬೇರೆ ಯಾವುದಕ್ಕೂ ಹೋಲಿಸಲು ಆಗುವುದಿಲ್ಲ. ಊರಿನ ಪೂರ್ವಕ್ಕೆ ಸುಮಾರು ಒಂದು ಕಿಲೋಮೀಟರ್, ಗುಡ್ಡದ ಇಳಿಜಾರಿನ ಹೊಲದ ನಡುವೆ ಒಂದು ಸಣ್ಣ ಕಲ್ಲುಗೋಡೆಯ ಆವರಣ. ಒಳಗೆ ಹ್ಯಾನ್‌ಕಾಕ್ ಕುಟುಂಬದ ಸಮಾಧಿಗಳು, ರೈಲಿ ಅನ್ನುವುದು ಜಾಗದ ಹೆಸರು. 1666ರ ಆಗಸ್ಟ್‌ನಲ್ಲಿ ಎಂಟು ದಿನಗಳೊಳಗೆ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಎಳೆದು ತಂದು ಹೂತಳು. ಸಹಾಯಕ್ಕೆ ಯಾರೂ ಹತ್ತಿರ ಬರುವ ಹಾಗಿರಲಿಲ್ಲ. ಅವಳಿಗೆ ರೋಗ ತಗುಲಲಿಲ್ಲ. ಈಗ ಈ ಜಾಗ ಹಳೇ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು. ಟಿಕೆಟ್ ಇಲ್ಲ, ಅಂಗಡಿ ಇಲ್ಲ.

ಗಡಿಯ ಕಲ್ಲಿಗಿಂತ ಇದು ಮನಸ್ಸಿಗೆ ಭಾರ. ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ, ಸಣ್ಣ ಮಕ್ಕಳು ಜೊತೆಗಿದ್ದರೆ, ಬಿಟ್ಟುಬಿಡಿ ಅನ್ನುತ್ತೇನೆ. ದಾರಿ ಏರು, ಕೊನೆಯ ಸ್ವಲ್ಪ ದೂರ ಹುಲ್ಲಿನ ಮೇಲೆ. ಊರಿನ ಆಚೆ ಬದಿಯ ಕಕ್ಲೆಟ್ ಡೆಲ್ಫ್ ಅನ್ನುವ ತಗ್ಗಿನಲ್ಲಿ ಆಗ ಬಯಲು ಪ್ರಾರ್ಥನೆ ನಡೆಯುತ್ತಿತ್ತು. ಪ್ರತಿ ವರ್ಷ ಆಗಸ್ಟ್ ಕೊನೆಯ ಭಾನುವಾರ ಈಗಲೂ ಅದರ ನೆನಪಿಗೆ ಪ್ರಾರ್ಥನೆ ಮಾಡುತ್ತಾರೆ. ಬೇರೆ ದಿನ ಅಲ್ಲಿ ನೋಡಲು ಹೆಚ್ಚೇನಿಲ್ಲ. ಹೋಗುವ ಮನಸ್ಸಿದ್ದರೆ ದಾರಿ ತೆರೆದಿದೆಯೇ ಅಂತ ಊರಲ್ಲಿ ಕೇಳಿಕೊಳ್ಳಿ.

ಆಗಸ್ಟ್ ಕೊನೆಗೆ ಹೋದರೆ ಇನ್ನೊಂದು ಲಾಭ: 'ವೆಲ್ ಡ್ರೆಸಿಂಗ್'. ಮರದ ಹಲಗೆಗೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳು, ಎಲೆ, ಬೀಜ ಒತ್ತಿ ಚಿತ್ರ ಮಾಡಿ ನೀರಿನ ಜಾಗಗಳ ಹತ್ತಿರ ನಿಲ್ಲಿಸುತ್ತಾರೆ. ರಂಗೋಲಿ ಹಾಕುವ ಕೈಗಳಿಗೆ ಇದು ಭಾರಿ ಇಷ್ಟವಾಗುತ್ತದೆ. ಆದರೆ ಆ ವಾರ ಜನವೂ ಜಾಸ್ತಿ, ಕಾರು ನಿಲ್ಲಿಸಲು ಜಾಗವೂ ಕಷ್ಟ.

ಸುತ್ತಲಿನ ಚರ್ಚುಗಳಲ್ಲಿ ಯಾವುದು?

ಗಡಿಯ ಕಲ್ಲಿನಿಂದ ಹಾಗೇ ಕೆಳಗಿಳಿದರೆ ಸ್ಟೋನಿ ಮಿಡಲ್‌ಟನ್‌ನ ಸೇಂಟ್ ಮಾರ್ಟಿನ್ ಚರ್ಚು. ಇದರ ಗೋಪುರ ಹದಿನೈದನೇ ಶತಮಾನದ್ದು. ಫ್ರಾನ್ಸಿನಲ್ಲಿ ನಡೆದ 1415ರ ಅಜಿನ್‌ಕೋರ್ ಯುದ್ಧದಿಂದ ಗಂಡ ಜೀವಂತ ವಾಪಸ್ ಬಂದನೆಂದು ಜೋನ್ ಪ್ಯಾಡ್ಲಿ ಎಂಬಾಕೆ ಹರಕೆ ತೀರಿಸಿದ ಹಾಗೆ ಕಟ್ಟಿಸಿದ ಚರ್ಚು. ಬೆಂಕಿ ಬಿದ್ದ ಮೇಲೆ 1759ರಲ್ಲಿ ಗೋಪುರಕ್ಕೆ ಅಂಟಿಸಿ ಎಂಟು ಮೂಲೆಯ ಕಟ್ಟಡ ಕಟ್ಟಿದರು. ಚೌಕಾಕಾರದ ಹಳೇ ಗೋಪುರ, ಎಂಟು ಮೂಲೆಯ ಹೊಸ ಮೈ, ಎರಡಕ್ಕೂ ಸಂಬಂಧವೇ ಇಲ್ಲ, ಆದರೂ ಚೆಂದ. ಚಿಕ್ಕದು, ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ನಡೆದು ಬಂದವರಿಗೆ ಇದೇ ಸೂಕ್ತ.

ಕಾರಿದ್ದರೆ, ಮತ್ತು ನಿಜವಾದ ದೊಡ್ಡ ಹಳೇ ಚರ್ಚು ನೋಡುವ ಆಸೆ ಇದ್ದರೆ, ಪಶ್ಚಿಮಕ್ಕೆ ಟೈಡ್ಸ್‌ವೆಲ್‌ಗೆ ಹೋಗಿ. ಹದಿನಾಲ್ಕನೇ ಶತಮಾನದ ಸೇಂಟ್ ಜಾನ್ ದಿ ಬ್ಯಾಪ್ಟಿಸ್ಟ್ ಚರ್ಚಿಗೆ ಜನ 'ಪೀಕ್‌ನ ಕೆಥೆಡ್ರಲ್' ಅಂತಲೇ ಕರೆಯುತ್ತಾರೆ. ಎತ್ತರದ ಕಿಟಕಿಗಳಿಂದ ಒಳಗೆ ಒಳ್ಳೇ ಬೆಳಕು. ಉಣ್ಣೆ ಮತ್ತು ಸೀಸದ ವ್ಯಾಪಾರದಲ್ಲಿ ಇಷ್ಟು ಸಣ್ಣ ಊರು ಎಷ್ಟು ದುಡ್ಡು ಮಾಡಿತ್ತು ಅಂತ ಚರ್ಚು ನೋಡಿದರೆ ಅಂದಾಜಾಗುತ್ತದೆ. ಕಟ್ಟಡದ ಲೆಕ್ಕದಲ್ಲಿ ಇದು ಈಮ್ ಚರ್ಚಿಗಿಂತ ಮೇಲು, ಅನುಮಾನವೇ ಇಲ್ಲ. ಕತೆಯ ಲೆಕ್ಕದಲ್ಲಿ ಈಮ್.

ಹ್ಯಾದರ್‌ಸೇಜ್‌ನ ಸೇಂಟ್ ಮೈಕಲ್ ಚರ್ಚಿನ ಅಂಗಳದಲ್ಲಿ ರಾಬಿನ್ ಹುಡ್‌ನ ಗೆಳೆಯ ಲಿಟಲ್ ಜಾನ್‌ನ ಸಮಾಧಿ ಎನ್ನುವ ಉದ್ದನೆಯ ಜಾಗ ಇದೆ. ನಿಜವೋ ಸುಳ್ಳೋ, ಮಕ್ಕಳಿಗೆ ಇಷ್ಟ. ರೈಲಿನಲ್ಲಿ ಬರುವವರಿಗೆ ಇದು ಅನುಕೂಲ, ಶೆಫೀಲ್ಡ್-ಮ್ಯಾಂಚೆಸ್ಟರ್ ಸಾಲಿನಲ್ಲೇ ಈ ಊರಿಗೆ ಸ್ಟೇಷನ್ ಇದೆ. ಚಾಟ್ಸ್‌ವರ್ತ್ ಅರಮನೆಯನ್ನು ಇದೇ ದಿನಕ್ಕೆ ತುರುಕಬೇಡಿ. ಅದಕ್ಕೇ ಒಂದು ಪೂರ್ತಿ ದಿನ ಬೇಕು.

ಊಟಕ್ಕೆ ಯಾವ ಪಬ್ಬು?

ಪಬ್ ಅಂದರೆ ಕೆಲವು ಹಿರಿಯರು ಹಿಂಜರಿಯುತ್ತಾರೆ. ಇಲ್ಲಿನ ಹಳ್ಳಿ ಪಬ್ಬುಗಳಿಗೆ ಅಜ್ಜ-ಅಜ್ಜಿ, ಮೊಮ್ಮಕ್ಕಳು, ನಾಯಿ ಎಲ್ಲ ಬರುತ್ತವೆ. ಬರೀ ಟೀ ಅಥವಾ ಜ್ಯೂಸ್ ಕುಡಿದು ಎದ್ದರೂ ಯಾರೂ ಏನೂ ಅನ್ನಲ್ಲ. ಸಾಮಾನ್ಯವಾಗಿ ಕೌಂಟರಿಗೆ ಹೋಗಿ ನಾವೇ ಆರ್ಡರ್ ಕೊಡಬೇಕು. ಎಷ್ಟೋ ಕಡೆ ಮಧ್ಯಾಹ್ನದ ಊಟ ಎರಡು-ಎರಡೂವರೆಗೆ ನಿಂತುಬಿಡುತ್ತದೆ, ಮತ್ತೆ ಅಡುಗೆಮನೆ ತೆರೆಯುವುದು ಸಂಜೆಗೆ. ನಮ್ಮ ಜನ ಮೂರು ಗಂಟೆಗೆ ಊಟಕ್ಕೆ ಹೋಗಿ ಚಿಪ್ಸ್ ಪ್ಯಾಕೆಟ್ ತಿಂದು ಬರುವುದು ಇದರಿಂದಲೇ. ಭಾನುವಾರ ಮಾಂಸದ 'ರೋಸ್ಟ್' ಊಟದ ದಿನ, ಸಸ್ಯಾಹಾರಿಗಳಿಗೆ ಆಯ್ಕೆ ಇರುತ್ತದೆಯೇ ಅಂತ ಮೊದಲೇ ಫೋನ್ ಮಾಡಿ ಕೇಳಿ.

ಈಮ್ ಊರೊಳಗಿರುವುದು ಮೈನರ್ಸ್ ಆರ್ಮ್ಸ್. 1630ರ ಕಟ್ಟಡ ಅನ್ನುತ್ತಾರೆ. ಹಾಗಿದ್ದರೆ ಪ್ಲೇಗಿನ ವರ್ಷ ಅದು ಆಗಲೇ ನಿಂತಿತ್ತು. ಹೆಸರು ಈ ಕಡೆಯ ಸೀಸದ ಗಣಿಗಾರರದ್ದು. ಚರ್ಚು, ಮ್ಯೂಸಿಯಂ ನೋಡಿ ಸುಸ್ತಾದವರಿಗೆ, ಕಾರಿಲ್ಲದವರಿಗೆ ಇದೇ ಸರಿ.

ಬ್ರೆಟನ್‌ನ ಬ್ಯಾರೆಲ್ ಇನ್ ಗುಡ್ಡದ ನೆತ್ತಿಯ ಮೇಲಿದೆ. 1597ರದ್ದು, ಡರ್ಬಿಷೈರ್‌ನಲ್ಲೇ ಅತಿ ಎತ್ತರದ ಪಬ್ಬು ಅಂತ ಹೇಳಿಕೊಳ್ಳುತ್ತದೆ. ಬಾಗಿಲ ಮುಂದೆ ನಿಂತರೆ ಐದು ಕೌಂಟಿ ಕಾಣುತ್ತವಂತೆ. ನನ್ನ ಕಣ್ಣಿಗೆ ಬರೀ ಹಸಿರು ಕಂಡಿದೆ, ಎಲ್ಲಿ ಯಾವ ಕೌಂಟಿ ಮುಗಿಯಿತೋ ದೇವರಿಗೇ ಗೊತ್ತು. ಒಳಗೆ ತಗ್ಗಿನ ಸೂರು, ದಪ್ಪ ಮರದ ತೊಲೆ. ಆರಡಿ ಎತ್ತರದ ಅಳಿಯಂದಿರು ತಲೆ ಜೋಪಾನ. ಬಿಸಿಲಿನ ದಿನ ಹೋಗುವುದಾದರೆ ಇದಕ್ಕೆ ಸಾಟಿ ಇಲ್ಲ. ಮಂಜು ಮುಸುಕಿದ ದಿನ ಅಲ್ಲಿವರೆಗೆ ಹತ್ತಿ ಹೋಗಿ ಪ್ರಯೋಜನ ಇಲ್ಲ.

ಅಂಥ ದಿನಕ್ಕೆ ಫೂಲೋ ಊರಿನ ಬುಲ್ಸ್ ಹೆಡ್. ಈಮ್‌ನಿಂದ ಪಶ್ಚಿಮಕ್ಕೆ ಮೂರು ಕಿಲೋಮೀಟರ್ ಆಸುಪಾಸು, ಹೊಲಗಳ ನಡುವೆ ನಡೆದೂ ಹೋಗಬಹುದು. ಪಬ್ಬಿನ ಮುಂದೆಯೇ ಬಾತುಕೋಳಿ ಈಜುವ ಕೆರೆ, ಹುಲ್ಲಿನ ಮೇಲೆ ಹಳೇ ಕಲ್ಲಿನ ಶಿಲುಬೆ, ಪಕ್ಕದಲ್ಲಿ ಆಟಿಕೆಯಂಥ ಸಣ್ಣ ಚರ್ಚು. ಫೋಟೋ ಬೇಕು, ಮಕ್ಕಳಿಗೆ ಓಡಾಡಲು ಜಾಗ ಬೇಕು ಅನ್ನುವವರು ಇಲ್ಲಿಗೇ ಬನ್ನಿ.

ಪಬ್ಬೇ ಬೇಡ ಅನ್ನುವವರಿಗೆ ಸ್ಟೋನಿ ಮಿಡಲ್‌ಟನ್‌ನಲ್ಲಿ ಹಳೇ ಸುಂಕದ ಮನೆಯೊಳಗೆ ಫಿಶ್ ಅಂಡ್ ಚಿಪ್ಸ್ ಅಂಗಡಿ ಇದೆ. ಉತ್ತರ ಇಂಗ್ಲೆಂಡಿನ ಇಂಥ ಎಷ್ಟೋ ಅಂಗಡಿಗಳಲ್ಲಿ ಆಲೂಗಡ್ಡೆಯನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಸಸ್ಯಾಹಾರಿಗಳು ಯಾವ ಎಣ್ಣೆ ಅಂತ ಕೇಳದೆ ಕೊಳ್ಳಬೇಡಿ. ಬುತ್ತಿ ಕಟ್ಟಿಕೊಂಡು ಹೋಗಿ ಹೊಲದ ಬದಿಯಲ್ಲಿ ಚಪಾತಿ-ಪಲ್ಯ ತಿನ್ನುವವರನ್ನೂ ಯಾರೂ ತಡೆಯುವುದಿಲ್ಲ, ಪೇಪರ್ ಮಾತ್ರ ಅಲ್ಲೇ ಬಿಸಾಡಬೇಡಿ.

ಹಾಗಾದರೆ ದಿನ ಹೇಗೆ ಹೊಂದಿಸೋದು?

ಹಿರಿಯರ ಜೊತೆ ಕಾರಿನಲ್ಲಿ ಬಂದರೆ ಮ್ಯೂಸಿಯಂ, ಚರ್ಚು, ಬಾವಿ, ಬ್ಯಾರೆಲ್ ಇನ್‌ನಲ್ಲಿ ಊಟ. ನಡೆಯುವ ಕಾಲಿದ್ದವರಿಗೆ ಚರ್ಚು, ಗಡಿಯ ಕಲ್ಲು, ಸ್ಟೋನಿ ಮಿಡಲ್‌ಟನ್ ಚರ್ಚು ನೋಡಿ ಮತ್ತೆ ಹತ್ತಿ ಬಂದು ಮೈನರ್ಸ್ ಆರ್ಮ್ಸ್. ಒಬ್ಬರೇ ಬಂದಿದ್ದರೆ ರೈಲಿ ಸಮಾಧಿಗಳಿಂದ ಶುರು ಮಾಡಿ, ಬೆಳಿಗ್ಗೆ ಅಲ್ಲಿ ಯಾರೂ ಇರುವುದಿಲ್ಲ.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಹೊಲದ ದಾರಿಗಳನ್ನು ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ. ಶೆಫೀಲ್ಡ್‌ನಿಂದ ಬಕ್ಸ್‌ಟನ್ ಕಡೆ ಹೋಗುವ ಬಸ್ಸು ಈಮ್ ಮೂಲಕ ಹಾದು ಹೋಗುತ್ತದೆ, ಆದರೆ ಬಸ್ಸುಗಳು ಕಡಿಮೆ. ಇಳಿದ ತಕ್ಷಣ ಸ್ಟಾಪಿನಲ್ಲಿ ಅಂಟಿಸಿರುವ ವಾಪಸ್ ಬಸ್ಸಿನ ಟೈಮ್ ಫೋಟೋ ಹೊಡೆದುಕೊಳ್ಳಿ. ಗುಡ್ಡಗಳ ನಡುವೆ ಮೊಬೈಲ್ ಸಿಗ್ನಲ್ ನಂಬಿಕೊಂಡು ಕೂರಬೇಡಿ.